ಮೂರನೆಯ ಗೇರಿನ ಸದ್ದು

ನಾನು ಬಿ.ಎ. ಪಾಸಾಗುವುದು ಎಂದಿಗೂ ಸಾಧ್ಯವಿಲ್ಲ ಎಂದು ಹೇಳಿದವರು ನಮ್ಮ ಆಫೀಸಿನ ಹಿರಿಯ ಗುಮಾಸ್ತರಾದ ಬಡೇಬಾಬು. ಧಾರವಾಡ ಕಡೆಯವರು, ನಾಗಪುರಕ್ಕೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಬೈಯುವಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. "ಏ ಈರ್ಯಾ, ಫಟಫಟಿ ಮ್ಯಾಲೆ ಕೂತು ಟಪಾಲು ಒಯ್ಯಾವಗ ಡಿಗ್ರಿ ಯಾಕ ಬೇಕೋ? ನೀ ಬಿ.ಎ. ಆದ ದಿನಾ ನಾ ಲಾಟಸಾಹೇಬ ಆಗಿರ್ತೇನಿ" ಎಂದು ಎಲ್ಲ ಗುಮಾಸ್ತರ ಎದುರು ಅಂದರು. ಗುಮಾಸ್ತರು ನಕ್ಕರು. ಮನೆಗೆ ಬಂದು ನಾನೇ ನಗುತ್ತ ಆ ಮಾತು ಹೇಳಿದಾಗ ಚನ್ನಪ್ಪ ಮಾಮಾ ನಗಲಿಲ್ಲ. ಊಟದ ಗಂಗಾಳದಿಂದ ತಲೆ ಎತ್ತಿ, "ಪರೀಕ್ಷಾ ಯಾವಾಗ?" ಎಂದಷ್ಟೇ ಕೇಳಿದರು.

ಚನ್ನಪ್ಪ ಮಾಮಾ ನನ್ನ ತಾಯಿಯ ಅಣ್ಣ. ಗದಗಿನ ಕಡೆಯಿಂದ ಬಂದವರು. ಯುದ್ಧದ ಕಾಲದಲ್ಲಿ ಕಾಮಟಿಯ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದಾಗ ಏನೋ ಸಿಡಿದು ಅವರ ಎಡಗಿವಿ ಹೋಗಿತ್ತು. ಯುದ್ಧ ಮುಗಿದ ಮೇಲೆ ನಾಗಪುರದ ಸೀತಾಬರ್ಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಬೇವಿನ ಮರ ಹಿಡಿದು, ನಾಲ್ಕು ತಗಡು ಹೊದಿಸಿ, ಮೋಟಾರ್ ಸೈಕಲ್ ರಿಪೇರಿ ಶುರು ಮಾಡಿದರು. ಸೈನ್ಯದವರು ಹರಾಜು ಹಾಕಿದ ಹಳೆಯ ಗಾಡಿಗಳು ಆಗ ಊರಲ್ಲಿ ಬೇಕಾದಷ್ಟಿದ್ದವು. ಅರ್ಧ ಕಿವುಡನಾದ ಈ ಮನುಷ್ಯನ ಹತ್ತಿರಕ್ಕೇ ಅವೆಲ್ಲ ಸದ್ದಿನ ರೋಗ ಹೊತ್ತು ಬರುತ್ತಿದ್ದವು. ಊರಿಗೆಲ್ಲ ಅವರು ಚನ್ನು ಮಿಸ್ತ್ರಿ.

ಅವರ ರೀತಿಯೇ ಬೇರೆ. ಮೊದಲು ಗಾಡಿಯನ್ನು ನೋಡುತ್ತಲೇ ಇರಲಿಲ್ಲ. ಓಡಿಸುವವನನ್ನು ಕಲ್ಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಕೊಂಡು ಪ್ರಶ್ನೆ ಕೇಳುತ್ತಿದ್ದರು. ನಿಂತಲ್ಲೇ ಇಂಜಿನ್ ಓಡುವಾಗ ಕ್ಲಚ್ ಹಿಡಿದರೆ ಸದ್ದು ಉಳಿಯುತ್ತದೋ, ಹೋಗುತ್ತದೋ? ಉಳಿದರೆ ಕ್ಲಚ್ಚಿನದು, ಹೋದರೆ ಅದರಾಚೆಯ ಗೇರುಪೆಟ್ಟಿಗೆಯದು. ಎಲ್ಲ ಗೇರಿನಲ್ಲೂ ಬರುತ್ತದೋ, ಒಂದರಲ್ಲೋ? ಒಂದರಲ್ಲೇ ಆದರೆ ಅದರ ಹಲ್ಲು ಹೋಗಿದೆ. ಆಮೇಲೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಆನಿಸಿ, ಅದರ ಮರದ ಹಿಡಿಯನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕೂರುವರು. ಆಗ ಗಲ್ಲಿಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. "ಗಾಡಿ ಸುಳ್ಳು ಹೇಳಂಗಿಲ್ಲೋ. ಅದನ್ನ ಹೊಡಿಯಾಂವ ಹೇಳ್ತಾನ" ಎಂದು ಆಗಾಗ ಅನ್ನುತ್ತಿದ್ದರು.

ಒಮ್ಮೆ ಕಳಮೇಶ್ವರದ ಕಿತ್ತಳೆ ವ್ಯಾಪಾರಿಯೊಬ್ಬ ಬಂದ. ಗಾಡಿ ಎರಡನೇ ಗೇರಿನಲ್ಲಿ 'ಟಕ್ ಟಕ್' ಅನ್ನುತ್ತಿತ್ತು. ಅದಾಗಲೇ ಇಬ್ಬರು ಮಿಸ್ತ್ರಿಗಳು ನೋಡಿದ್ದರು. ಒಬ್ಬ ಚೈನು ಬದಲಿಸಿದ್ದ, ಇನ್ನೊಬ್ಬ ಕ್ಲಚ್ ಪ್ಲೇಟು. ಮಾಮಾ ಕಿವಿಗೊಟ್ಟು ಕೇಳಿ ಎದ್ದು ನಿಂತು, ತಮ್ಮ ಹರಕು ಹಿಂದಿಯಲ್ಲಿ, "ಸೇಠಜೀ, ಗಾಡಿ ಇಲ್ಲೇ ಬಿಡಿ. ಟಾಂಗಾ ಹಿಡಿದು ಹೋಗಿ" ಎಂದರು. ಅವನಿಗೆ ನಗು. ತೋಟದಲ್ಲಿ ಹಣ್ಣು ಕೊಯ್ಲಿಗೆ ಬಂದಿದೆ, ಮಿಸ್ತ್ರಿಗೆ ಟಾಂಗಾದವರ ಜೊತೆ ಪಾಲುದಾರಿಕೆ ಇದೆಯೇನು ಎಂದು ಚೇಷ್ಟೆ ಮಾಡಿ ಅದೇ ಗಾಡಿ ಹತ್ತಿ ಹೊರಟುಹೋದ.

ನಾಲ್ಕನೆಯ ದಿನ ಆ ಗಾಡಿ ಎತ್ತಿನ ಬಂಡಿಯ ಮೇಲೆ ಮಲಗಿಕೊಂಡು ಬಂತು. ಹಿಂದೆ ಟಾಂಗಾದಲ್ಲಿ ವ್ಯಾಪಾರಿ. ತೋಳಿಗೆ ಪಟ್ಟಿ, ಮುಖದ ಒಂದು ಕಡೆ ಚರ್ಮವೇ ಇಲ್ಲ. ಮಾಮಾ ಪೆಟ್ಟಿಗೆ ಬಿಚ್ಚಿ ನನ್ನನ್ನು ಕರೆದರು.

"ನೋಡಿಲ್ಲಿ. ಹಲ್ಲು ಮುರದು ತುಂಡು ಎರಡು ಗೇರಿನ ನಡುವ ಸಿಕ್ಕೊಂಡೈತಿ. ಹಿಂಗಾತಂದ್ರ ಹಿಂದಿನ ಗಾಲಿ ಗಪ್ಪನ ನಿಂತುಬಿಡ್ತೈತಿ. ಕ್ಲಚ್ ಹಿಡದ್ರೂ ಬಿಡಂಗಿಲ್ಲ. ಗಾಡಿ ಹಿಂದ ಉಳೀತೈತಿ, ಮನಶ್ಯಾ ಮುಂದ ಹೋಗ್ತಾನ."

ಇದನ್ನು ಬರೆಯಲು ಕಾರಣವಿದೆ. ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ನನಗೆ ಎಲ್ಲ ಗೊತ್ತಿತ್ತು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ನಮ್ಮಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗಿನವನು; ಸಹಿ ಹಾಕಲು ಕಲಿತದ್ದೇ ನಮ್ಮ ಮನೆತನದ ದೊಡ್ಡ ವಿದ್ಯೆ. ನಾನು ಮಾಮಾನ ಮನೆಯಲ್ಲಿದ್ದುಕೊಂಡು ಬೆಳಗಿನ ಕಾಲೇಜು ಮುಗಿಸಿ, ಹತ್ತಕ್ಕೆ ಆಫೀಸು ಸೇರಿ, ಸಾವನೇರ್ ಆಚೆಯ ಮ್ಯಾಂಗನೀಸ್ ಗಣಿಗೆ ಕಂಪನಿಯ ಕಾಗದಪತ್ರ ಒಯ್ದು ಸಂಜೆ ಮರಳುತ್ತಿದ್ದೆ. ಗಣಿಯ ಕೆಂಪುಗಪ್ಪು ಧೂಳು ಮೈಮೇಲಿದ್ದಂತೆಯೇ ಪುಸ್ತಕ ಹಿಡಿಯುತ್ತಿದ್ದೆ. ಯಾರ ಶಿಫಾರಸೂ ಇಲ್ಲದೆ ಮೂರು ವರ್ಷ ದಾಟಿ ಕೊನೆಯ ವರ್ಷಕ್ಕೆ ಬಂದಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ.

ಪರೀಕ್ಷೆಗೆ ಹತ್ತು ದಿನ ರಜೆ ಬೇಕಿತ್ತು. ಆಫೀಸಿನ ಜವಾನ ವಿಠ್ಠಲನಿಗೆ ಗಾಡಿ ಓಡಿಸಲು ಬರುತ್ತಿದ್ದುದರಿಂದ ಅವನು ಟಪಾಲು ಒಯ್ಯುವುದೆಂದು ಬಡೇಬಾಬು ಒಲ್ಲದ ಮನಸ್ಸಿನಿಂದ ಒಪ್ಪಿದರು. "ಆದ್ರ ನೆನಪಿಡು, ಗಾಡಿ ನಿಂತ್ರ ನಿನ್ನ ರಜಾನೂ ನಿಂತಂಗ. ಪರೀಕ್ಷಾಕ್ಕ ಹೋದ್ರ ವಾಪಸ್ ಬರೂ ಕೆಲಸಾ ಇಲ್ಲ" ಎಂದರು.

ಆ ವಾರವೇ ನಾನು ಓಡಿಸುವ ಕಂಪನಿಯ ಗಾಡಿಯಲ್ಲಿ ಸದ್ದು ಶುರುವಾಯಿತು. ಮೂರನೆಯ ಗೇರಿನಲ್ಲಿ ಮಾತ್ರ. ಮೊದಲು ದೂರದಲ್ಲಿ ಯಾರೋ ಬಾಗಿಲು ಬಡಿದ ಹಾಗೆ. ಆಮೇಲೆ ಕಾಲಿನ ಕೆಳಗೇ. ಕೆಲವು ದಿನ ಕಳೆಯುವಷ್ಟರಲ್ಲಿ ಗೇರು ತಾನಾಗಿಯೇ ಹಾರಿ ಬೀಳತೊಡಗಿತು. ಬೂಟಿನ ತುದಿಯಿಂದ ಗೇರಿನ ಕಡ್ಡಿಯನ್ನು ಒತ್ತಿ ಹಿಡಿದು ಓಡಿಸುತ್ತಿದ್ದೆ. ಮಾಮಾ ಕೇಳಿದ್ದಕ್ಕೆ, "ಏನಿಲ್ಲ, ಚೈನು ಸಡಲ ಆಗೇತಿ" ಎಂದೆ.

ಒಂದು ಭಾನುವಾರ ಬೆಳಿಗ್ಗೆ ಮಾಮಾ ಹೊಸ್ತಿಲ ಬಳಿ ಕೂತು ನನ್ನ ಬಲಗಾಲಿನ ಬೂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಈರಣ್ಣ, ಇದರ ತುದಿ ಯಾಕ ಹಿಂಗ ಸವದೈತಿ?"

ನಾನು ಎಡಗಾಲಿನ ಬೂಟನ್ನು ಎತ್ತಿ ಮೂಲೆಗಿಟ್ಟೆ.

"ಎಷ್ಟು ದಿನಾ ಆತು ಗೇರ್ ಹಾರಾಕ ಹತ್ತಿ?"

"ಎಂಟು ದಿನಾ."

"ಚೈನು ಅಂದಿದ್ದೆಲ್ಲ?" ಎಂದು ಬೂಟನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಪೆಟ್ಟಿಗೆ ಬಿಚ್ಚಿದರು. ಮೂರು ಹಲ್ಲುಗಳ ತುದಿ ಹಾರಿತ್ತು. ಎಣ್ಣೆಯನ್ನೆಲ್ಲ ಬಸಿದು, ತಮ್ಮ ಹೆಂಡತಿ ಗಂಗವ್ವ ಅತ್ತಿಯ ಹಳೆಯ ಸೀರೆಯ ತುಂಡಿನಲ್ಲಿ ಸೋಸಿದರು. ಎರಡು ಚೂರು ಸಿಕ್ಕವು. ಅವನ್ನು ಮುರಿದ ಹಲ್ಲುಗಳಿಗೆ ಹಚ್ಚಿ ನೋಡಿದರು, ಬರೋಬರ್ ಕೂತವು. ಮೂರನೆಯದು ಇಲ್ಲ. ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ತೊಳೆದರು. ಬೆರಳು ಹಾಕಿ ತಡವಿದರು. ಮಾರ್ಚ್ ತಿಂಗಳ ಬಿಸಿಲಿಗೆ ತಗಡು ಕಾದು, ಅವರ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. "ಮೂರನೇದು ಎಲ್ಲೈತಿ?" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಿದ್ದರು. ಹಳೆಯ ಎಣ್ಣೆಯ ಜೊತೆ ಎಂದೋ ಹೊರಗೆ ಹೋಗಿರಬಹುದು. ಇಲ್ಲವೇ ಜಾಮಾಗಿ ಕೂತಿದ್ದ ಬೇರಿಂಗಿನ ಸಂದಿಯಲ್ಲಿ ಇರಬಹುದು. ಆ ಬೇರಿಂಗು ತೆಗೆಯುವ ಯಂತ್ರ ಕಾಮಟಿಯಲ್ಲಿತ್ತು. ಹೊಸ ಗೇರು ಮುಂಬಯಿಯಿಂದ ಬರಬೇಕು, ಎರಡು ವಾರ.

"ಗಾಡಿ ಇಲ್ಲೇ ಇರಲಿ" ಎಂದರು.

"ಮಾಮಾ, ಗುರುವಾರ ಪರೀಕ್ಷಾ. ಇದು ನಿಂತ್ರ ನಂದೂ ನಿಂತಂಗ. ಹತ್ತು ದಿನಾ ಹೆಂಗಾರ ಓಡಲಿ."

ಅವರು ಆ ಎರಡು ಚೂರುಗಳನ್ನು ಮತ್ತೆ ಅಂಗೈಯಲ್ಲಿ ಹೊರಳಿಸಿ ನೋಡಿದರು. ತಮ್ಮ ಕೈಯಿಂದ ಹಾಗೆ ಯಾವ ಗಾಡಿಯನ್ನೂ ಹೊರಗೆ ಬಿಟ್ಟವರಲ್ಲ. ಸಂಜೆ ಹೊತ್ತಿಗೆ ಅದೇ ಗೇರು ಹಾಕಿ ಪೆಟ್ಟಿಗೆ ಮುಚ್ಚಿದರು. ಕೊನೆಯ ಬೋಲ್ಟು ಬಿಗಿಯುತ್ತ ಹೇಳಿದರು: "ಮೂರನೇದರಾಗ ಜೋರ ಕೊಡಬಾರದು. ಇಪ್ಪತ್ತು ಮೈಲಿ ಮ್ಯಾಲೆ ಓಡಸಬಾರದು. ಇಳಕಲದಾಗ ಇನ್ನೂ ಸಾವಕಾಶ. ಸದ್ದು ಬ್ಯಾರೆ ಆತಂದ್ರ ಅಲ್ಲೇ ಇಳದು ನಡಕೊಂತ ಬರಬೇಕು. ಇದನ್ನೆಲ್ಲ ವಿಠ್ಠಲಗ ನೀನ ಬಾಯಿಬಿಟ್ಟು ಹೇಳಬೇಕು. ಹೇಳ್ತಿಯಿಲ್ಲೋ?"

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ವಿಠ್ಠಲ ಪುಕ್ಕಲು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೇಳಿದರೆ ಗಾಡಿ ಮುಟ್ಟುತ್ತಿರಲಿಲ್ಲ. ಬುಧವಾರ ಗಾಡಿ ಒಪ್ಪಿಸುವಾಗ ಅವನು, "ಗಾಡಿ ಠೀಕ್ ಆಹೇ ನಾ, ಭಾವೂ?" ಎಂದು ಮರಾಠಿಯಲ್ಲಿ ಗಾಡಿಯ ಸ್ಥಿತಿ ಕೇಳಿದ. "ಏಕದಂ ಬರೋಬರ್" ಎಂದೆ.

ಗುರುವಾರ ಬೆಳಿಗ್ಗೆ ಪರೀಕ್ಷೆಯ ಕಟ್ಟಡದ ಗೇಟಿನ ಬಳಿ ಮಾಮಾ ಸೈಕಲ್ ಹಿಡಿದು ನಿಂತಿದ್ದರು. ಅಂದು ಅವರು ಒಗೆದ ಅಂಗಿ ಹಾಕಿಕೊಂಡಿದ್ದರು. ಆಶೀರ್ವಾದ ಮಾಡಲು ಬಂದಿದ್ದಾರೆ ಎಂದುಕೊಂಡೆ.

"ವಿಠ್ಠಲಗ ಹೇಳಿದಿ?"

ನಾನು ಕಟ್ಟಡದ ಕಡೆ ನೋಡಿದೆ. ಮೊದಲ ಗಂಟೆ ಹೊಡೆಯಿತು. ಅವರು ನನ್ನ ಮುಖ ನೋಡಿದರು. ಕಣ್ಣು ಮುಚ್ಚಿ ಪ್ರಶ್ನೆ ಕೇಳುವ ಅಗತ್ಯ ಬೀಳಲಿಲ್ಲ.

"ಹೋಗು. ಗಂಟಿ ಆತು" ಎಂದು ಸೈಕಲ್ ಹತ್ತಿದರು.

ಆಮೇಲಿನದು ವಿಠ್ಠಲ ಹೇಳಿದ್ದು. ಹತ್ತು ಗಂಟೆಗೆ ಸರಿಯಾಗಿ ಅವರು ಆಫೀಸಿಗೆ ಬಂದು, ರಿಪೇರಿ ಮಾಡಿದ ಗಾಡಿಯನ್ನು ಪರೀಕ್ಷೆ ಮಾಡಬೇಕು, ಇವತ್ತು ನಾನೇ ಗಣಿಗೆ ಹೋಗಿ ಬರುತ್ತೇನೆ ಎಂದರಂತೆ. ಬಿಸಿಲಿನಲ್ಲಿ ಹೋಗುವುದು ತಪ್ಪಿತೆಂದು ವಿಠ್ಠಲ ಚಹಾ ತರಿಸಿಕೊಟ್ಟನಂತೆ. ಮಾಮಾ ನನ್ನ ಹೆಸರು ಎತ್ತಲೇ ಇಲ್ಲವಂತೆ. ಎತ್ತಿದ್ದರೆ ಬಡೇಬಾಬು ಅಂದೇ ನನ್ನ ರಜೆ ರದ್ದು ಮಾಡುತ್ತಿದ್ದರು.

ನಾನು ಇಂಗ್ಲಿಷ್ ಪೇಪರು ಬರೆದೆ. ಚೆನ್ನಾಗಿ ಬರೆದೆ, ಅದನ್ನೂ ಮುಚ್ಚಿಡುವುದಿಲ್ಲ. ಅದೇ ಹೊತ್ತಿನಲ್ಲಿ ಗಣಿಯ ದಾರಿಯಲ್ಲಿ, ಕೊರಾಡಿ ದಾಟಿದ ಮೇಲಿನ ಇಳಿಜಾರಿನಲ್ಲಿ ಹಿಂದಿನ ಗಾಲಿ ನಿಂತಿತು. ಅವರು ನಿಧಾನವಾಗಿಯೇ ಹೋಗುತ್ತಿದ್ದರು ಎಂದು ನೋಡಿದ ಬಂಡಿಯವನು ಹೇಳಿದ. ಎದುರಿಗೆ ಅದಿರಿನ ಲಾರಿಯೊಂದು ಬರದೆ ಇದ್ದಿದ್ದರೆ ಮೊಣಕಾಲು ತರಚಿ ಎದ್ದು ಬರುತ್ತಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ಮಾತು ಮಾತ್ರ ಸ್ಪಷ್ಟ. ನಾನು ಅವರ ಬಲಗಿವಿಯ ಕಡೆ ಹೋಗಿ ಕೂತೆ.

"ನಾಳೆ ಯಾವ ಪೇಪರು?"

"ಇತಿಹಾಸ."

"ಮತ್ತ ಇಲ್ಲಿ ಕುಂತು ಏನ ಮಾಡಾಕ ಹತ್ತೀ? ಹೋಗಿ ಓದು."

ನಾನು ಏಳಲಿಲ್ಲ. "ಆ ಮೂರನೇದು ಸಿಕ್ಕಿತೇನು?" ಎಂದು ಅವರೇ ಕೇಳಿದರು.

ಕಂಪನಿಯವರು ಬೇರೆ ಮಿಸ್ತ್ರಿಯಿಂದ ಪೆಟ್ಟಿಗೆ ಬಿಚ್ಚಿಸಿದ್ದರು. ನಾನು ನೋಡಿದ್ದೆ. ಕಡಲೆಬೇಳೆಯಷ್ಟು ದೊಡ್ಡದು.

"ಸಿಕ್ಕಿತು ಮಾಮಾ. ಬೇರಿಂಗಿನ ಸಂದ್ಯಾಗಿಂದ ಬಂದಿತ್ತು."

"ಅದ ಅಂದಕೊಂಡಿದ್ದೆ" ಎಂದರು. ಲೆಕ್ಕ ತಾಳೆಯಾದ ಮನುಷ್ಯನ ಹಾಗೆ ತಲೆಯಾಡಿಸಿ ಕಣ್ಣು ಮುಚ್ಚಿದರು. ನನ್ನೊಡನೆ ಆಡಿದ ಕಡೆಯ ಮಾತು ಅದು. ಮರುದಿನ ನಾನು ಇತಿಹಾಸದ ಉತ್ತರ ಬರೆಯುತ್ತಿದ್ದಾಗ ಹೋದರು.

ಮಾಮಾನ ದಿನಕರ್ಮ ಮುಗಿದ ಮೇಲೆ ಗಂಗವ್ವ ಅತ್ತಿಯ ಮುಂದೆ ನಿಜ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಗೊತ್ತೈತಿ. ಅವತ್ತ ಮುಂಜಾನಿ ಅವರು ಅಂದಿದ್ರು, 'ಹುಡುಗ ಹೇಳಿಲ್ಲ ಅಂತ ಕಾಣತೈತಿ, ಕೇಳಿ ಬರ್ತೀನಿ' ಅಂತ" ಎಂದಳು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ಫಲಿತಾಂಶ ಬಂದ ತಿಂಗಳು ನಾನು ಧಂತೋಲಿ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದೆ. ಅತ್ತಿ ಬೇಡ ಅನ್ನಲಿಲ್ಲ. ಬೇವಿನ ಮರದ ಕೆಳಗಿನ ತಗಡನ್ನು ಯಾರೋ ಸೈಕಲ್ ಅಂಗಡಿಯವನು ತೆಗೆದುಕೊಂಡ.

ಚಳಿಗಾಲದಲ್ಲಿ ಪದವಿ ಪ್ರಮಾಣಪತ್ರ ಕೈಗೆ ಬಂತು. ಅದನ್ನು ಎದೆಗೆ ಅವಚಿಕೊಂಡು ನೇರ ಅತ್ತಿಯ ಮನೆಗೆ ಹೋದೆ. ಅವಳು ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು ಬಾಗಿಲ ಬೆಳಕಿಗೆ ತಂದಳು. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ನೋಡಿದಳು.

"ಇದರಾಗ ಯಾರ ಹೆಸರು ಐತಿ?"

"ನಂದು. ಅಪ್ಪಂದು."

"ಅವರದು?"

"ಇಲ್ಲ ಅತ್ತಿ."

ಅವಳು ಕಾಗದವನ್ನು ಮಡಚಲಿಲ್ಲ, ಮುದ್ದೆ ಮಾಡಲಿಲ್ಲ. ಹೇಗೆ ಹಿಡಿದಿದ್ದಳೋ ಹಾಗೆಯೇ ನನ್ನ ಕೈಗೆ ಕೊಟ್ಟಳು.

"ಹಂಗಾದ್ರ ಇದನ್ನ ನೀನ ಇಟಗೋ ಈರಣ್ಣ. ಉಂಡು ಹೋಗು."