ಇಬ್ಬರ ಪಾಲಿನ ಉತ್ತರ

ದೃಢೀಕರಣ ಸಂಸ್ಕಾರಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ನನ್ನ ಅಕ್ಕನ ಮಗಳು ನನ್ನ ನಿದ್ದೆ ಕೆಡಿಸಿದಳು. ಠಾಣೆ ಪೇಟೆಯಲ್ಲಿ ಅವಳಿಗೊಂದು ಬಿಳಿ ಫ್ರಾಕ್ ಕೊಂಡು, ಕೋಪರಖೈರಣೆಯ ಅವರ ಮನೆಗೆ ಲೋಕಲ್ ರೈಲಿನಲ್ಲಿ ಹೊರಟಿದ್ದೆವು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ; ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತದೆ.

"ಚಿಕ್ಕಿ, ದೇವರನ್ನ ನಂಬ್ತೀರಾ ಅಂತ ಬಿಷಪ್ ಕೇಳ್ತಾರಲ್ಲ, ನಂಗೆ ಪಕ್ಕಾ ಗೊತ್ತಿಲ್ಲ. ಚರ್ಚಲ್ಲೇ ಝೂಟ್ ಬೋಲೂಂ ಕ್ಯಾ?"

ಚರ್ಚಿನಲ್ಲಿ ಸುಳ್ಳು ಹೇಳಲೇ ಎಂದದ್ದು ಯಾರಿಗಾದರೂ ಕೇಳಿಸಿತೇನೋ ಎಂದು ಸುತ್ತ ನೋಡಿದೆ. "ಎಲ್ಲರ ಜೊತೆ ಹೇಳಿಬಿಡೇ, ಮುಗೀತು."

"ಎಲ್ಲರ ಜೊತೆ ಹೇಳೋದಾದ್ರೆ ನನ್ನನ್ನ ಯಾಕೆ ಕೇಳ್ಬೇಕು?"

ಅವಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವಳು ನಾನೇ, ಅವಳ ಜ್ಞಾನತಾಯಿ. ಕೂಸು ಗಾಢ ನಿದ್ದೆಯಲ್ಲಿತ್ತು. ಅದರ ಪರವಾಗಿ "ನಂಬುತ್ತೇನೆ, ನಂಬುತ್ತೇನೆ" ಎಂದು ನಾನು ಧಾರಾಳವಾಗಿ ಹೇಳಿಬಿಟ್ಟಿದ್ದೆ. ಆ ಮಾತನ್ನು ಮಗು ದೊಡ್ಡದಾದ ಮೇಲೆ ತನ್ನದೇ ಬಾಯಿಂದ ಹೇಳಬೇಕು. ಆಗ ಬಿಷಪ್ ಹಣೆಗೆ ತೈಲ ಹಚ್ಚುತ್ತಾರೆ, ಪವಿತ್ರಾತ್ಮ ಅವಳನ್ನು ಗಟ್ಟಿ ಮಾಡುತ್ತಾನೆ. ನಾವು ನಂಬುವ ದೃಢೀಕರಣ ಇದೇ. ಅವಳು ಒಲ್ಲೆ ಎಂದರೆ ಅಂದು ನಾನು ಕೊಟ್ಟ ಮಾತಿನ ಗತಿ ಏನು?

ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ರಂಪವಾಗುತ್ತಿತ್ತು. ಕಲ್ಯಾಣ್‌ನಲ್ಲಿರುವ ನನ್ನ ಅಡುಗೆಮನೆಯಲ್ಲಿ ಆ ವಾರವಿಡೀ ಹಾಲು ಉಕ್ಕಿಸುತ್ತಾ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಪೇಚಾಡುತ್ತಾ ಕಳೆದೆ. ಪ್ರಾರ್ಥನೆಗೆ ಕೂತರೂ ಅದೇ ಚಿಂತೆ.

ರಿಹರ್ಸಲ್‌ನಲ್ಲಿ ಫಾದರ್, ಮಕ್ಕಳ ಜೊತೆ ನಿಲ್ಲುವ ನಾವೂ ಉತ್ತರ ಹೇಳಬೇಕು ಎಂದಿದ್ದರು. ಸಂಸ್ಕಾರದ ದಿನ ಚರ್ಚು ತುಂಬಿ ತುಳುಕುತ್ತಿತ್ತು. ಸಾಲಿನಲ್ಲಿ ಅವಳ ಪಕ್ಕದಲ್ಲೇ ನಿಂತೆ. ಸೈತಾನನನ್ನು ತೊರೆಯುತ್ತೀರಾ ಎಂದು ಬಿಷಪ್ ಕೇಳಿದಾಗ ಅವಳು ಸಲೀಸಾಗಿ ಹೂಂ ಎಂದಳು; ಸೈತಾನನನ್ನು ಬಿಡಲು ಅವಳಿಗೇನೂ ತಕರಾರಿರಲಿಲ್ಲ. ಸೃಷ್ಟಿಕರ್ತ ತಂದೆಯನ್ನು ನಂಬುತ್ತೀರಾ ಎಂಬ ಪ್ರಶ್ನೆ ಬಂತು. ನಾನು ಉಸಿರು ಬಿಗಿಹಿಡಿದು ಅವಳತ್ತ ಕಿವಿ ವಾಲಿಸಿದೆ. ಇಡೀ ಚರ್ಚು ಒಕ್ಕೊರಲಿನಿಂದ ನಂಬುತ್ತೇವೆ ಎಂದಿತು. ನನ್ನ ಪಕ್ಕದಿಂದ ಮಾತ್ರ ಒಂದು ಶಬ್ದವಿಲ್ಲ.

ಯೇಸುಕ್ರಿಸ್ತನನ್ನು ನಂಬುತ್ತೀರಾ?

"ನಂಬ್ತೀನಿ!" ಎಂದು ಅವಳು ಎಷ್ಟು ಜೋರಾಗಿ, ಅದೂ ಇಂಗ್ಲಿಷ್ ಪೂಜೆಯ ನಡುವೆ ಕನ್ನಡದಲ್ಲಿ ಹೇಳಿದಳೆಂದರೆ, ಮುಂದಿನ ಸಾಲಿನವರು ತಿರುಗಿ ನೋಡಿದರು. ಪವಿತ್ರಾತ್ಮನನ್ನು ನಂಬುತ್ತೀರಾ ಎಂಬ ಪ್ರಶ್ನೆಗೂ ಅದೇ ಗಂಟಲು. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು ಬಿಷಪ್ ಮುಂದೆ ನಿಂತೆ. ಅವಳು "ಆಮೆನ್" ಅಂದಳು. ನನಗೆ ಅಳು ಬಂತು.

ಊಟ ಮುಗಿಸಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಅವಳೇ ಬಂದಳು. ಹಣೆಯಲ್ಲಿ ತೈಲದ ಪರಿಮಳ ಇನ್ನೂ ಇತ್ತು.

"ಅಷ್ಟು ಜೋರಾಗಿ ಯಾಕೆ ಕಿರುಚಿದೆ?" ಎಂದು ಕೇಳಿದೆ.

"ನೀನು ಚುಪ್ ಇದ್ದೆಯಲ್ಲ! ನಿನ್ನ ಮುಖ ನೋಡ್ದೆ, ಬಾಯಿ ಬಂದ್. ಚಿಕ್ಕಿಗೂ ಪಕ್ಕಾ ಇಲ್ವೇನೋ ಅಂತ ಗಾಬರಿ ಆಯ್ತು. ನಾನು ಬೇಬಿ ಇದ್ದಾಗ ನಂದು ನೀನು ಹೇಳಿದ್ಯಲ್ಲ, ಅದಕ್ಕೆ ನಿಂದೂ ಸೇರಿಸಿ ನಾನೇ ಹೇಳ್ದೆ."

ಅವಳ ದನಿ ಹಿಡಿಯುವ ಆತುರದಲ್ಲಿ ನಾನು ಒಂದಕ್ಕೂ ಬಾಯಿ ಬಿಟ್ಟಿರಲಿಲ್ಲ. ನನಗೆ ಆಗಲೇ ಅದು ಹೊಳೆದದ್ದು.

"ಈಗ ಹೇಳು," ಎಂದಳು. "ಈಗ ಯಾರೂ ಜೊತೆಗಿಲ್ಲ. ನಂಬ್ತೀಯಾ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನ್ನೊಬ್ಬಳಿಗೇ ಯಾರೂ ಕೇಳಿರಲಿಲ್ಲ. ಲೋಕಲ್ ಬಂದು ನಿಂತಿತು, ಜನ ನುಗ್ಗಿದರು. ಅವಳು ನನ್ನತ್ತ ಕಿವಿ ವಾಲಿಸಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.