ಕೇಳದೆ ಉಳಿದ ಒಂದು ಪ್ರಶ್ನೆ

ಬೆಳಗಿನ ಆರು ಗಂಟೆ. ಅಮೆರಿಕದ ಮೊಂಟಾನ ರಾಜ್ಯದ ಈ ಪುಟ್ಟ ನಗರದಲ್ಲಿ ಬೀದಿಯ ಹಿಮವನ್ನು ಇನ್ನೂ ಯಾರೂ ತೆಗೆದಿಲ್ಲ. ಕೇಂದ್ರ ಸರ್ಕಾರದ ಫೆಡರಲ್ ನ್ಯಾಯಾಲಯದ ಖಾಲಿ ಕೋಣೆಯಲ್ಲಿ ಅರವತ್ತೇಳರ ನ್ಯಾಯಾಧೀಶೆ ಆರ್ಡಿಸ್ ಹಾಗ್ಲಂಡ್ ಒಂದೇ ಮಾತನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದಾರೆ: “ಶಿಕ್ಷೆ ಹೇಳೋ ಮುಂಚೆ, ನೀವೇನಾದ್ರೂ ಹೇಳೋದಿದೆಯಾ?”

“ಇಪ್ಪತ್ಮೂರು ವರ್ಷದಿಂದ ಕೇಳ್ತಿರೋದೇ ಅಲ್ವಾ ಜಡ್ಜಮ್ಮ? ಇವತ್ತೇನು ಪರೀಕ್ಷೆಗೆ ಕೂತೋರ ಥರ ಉರು ಹೊಡೀತಿದ್ದೀರಿ?” ಗುಮಾಸ್ತ ರಾಸ್ಕೊ ಬಾಗಿಲಲ್ಲೇ ನಿಂತು ಛೇಡಿಸುತ್ತಾರೆ.

“ಒಂದ್ಸಲ ಬಿಟ್ಟಿದ್ದಕ್ಕೇ ಕಣಯ್ಯ ಇಷ್ಟೆಲ್ಲ!”

ಹಗಲು ವಿಮಾ ಕಚೇರಿಯಲ್ಲಿ ಟೈಪಿಂಗ್, ಸಂಜೆ ಕಾನೂನು ತರಗತಿ. ಆರ್ಡಿಸ್ ಓದಿದ್ದು ಹಾಗೆ. ಈಗ ಅವರ ಮುಂದೆ ಸದಾ ಮುನ್ನೂರರಷ್ಟು ಮೊಕದ್ದಮೆಗಳಿರುತ್ತವೆ. ಈವರೆಗೆ ಸುಮಾರು ಸಾವಿರದ ಒಂಬೈನೂರು ಮಂದಿಗೆ ಶಿಕ್ಷೆ ವಿಧಿಸಿದ್ದಾರೆ. ಪೇಟೆಯಲ್ಲಿ ಅವರನ್ನು ಗುರುತಿಸುವವರು ಕಡಿಮೆ. ಗುರುತಿಸಿದವರು ಕಣ್ಣು ತಪ್ಪಿಸುತ್ತಾರೆ.

ಎರಡು ವರ್ಷದ ಹಿಂದೆ, ಮಾದಕ ವಸ್ತು ಮಾರಿದ ವೇಲನ್ ಪ್ರುಯಿಟ್‌ನ ಸರದಿ. ಅವನ ಕಾರಿನಲ್ಲಿ ಬಂದೂಕೂ ಸಿಕ್ಕಿತ್ತು. ಅದು ಅವನ ಅಣ್ಣನದೆಂದು ವಕೀಲರು ವಾದಿಸಿದರು. ಆರ್ಡಿಸ್ ನಂಬಲಿಲ್ಲ. ಹೊರಗೆ ಹಿಮಗಾಳಿ ಏಳುತ್ತಿತ್ತು, ಕೈದಿಗಳ ವ್ಯಾನು ಬೇಗ ಹೊರಡಬೇಕಿತ್ತು. ಸುಳ್ಳಿಗೆಂದು ಎರಡು ವರ್ಷ ಸೇರಿಸಿ, ಹನ್ನೊಂದು ವರ್ಷ ಎಂದುಬಿಟ್ಟರು. ಕಾನೂನಿನಂತೆ ಆರೋಪಿಯನ್ನೇ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅದೇ ಕಾರಣಕ್ಕೆ ಮೇಲಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡಿ, ಶಿಕ್ಷೆ ಎಷ್ಟೆಂದು ಮತ್ತೆ ವಿಚಾರಿಸಿ ಎಂದು ಕಳಿಸಿದೆ.

“ಮೂರೇ ಪುಟದ ಆದೇಶ. ನಂಗೆ ಬಾಯಿಪಾಠ ಆಗಿಹೋಗಿದೆ,” ಎನ್ನುತ್ತಾರೆ.

ಒಂಬತ್ತೂವರೆಗೆ ಪ್ರುಯಿಟ್ ಎದ್ದು ನಿಲ್ಲುತ್ತಾನೆ. ಆರ್ಡಿಸ್ ಆ ಪ್ರಶ್ನೆಯನ್ನು ಕೇಳುತ್ತಾರೆ.

“ಎರಡು ವರ್ಷದಿಂದ ಹೇಳ್ಕೊಂಡು ಹೇಳ್ಕೊಂಡು ಇಟ್ಕೊಂಡಿದ್ದೆ ಮೇಡಂ. ಈಗ ಒಂದೂ ಬಾಯಿಗೆ ಬರ್ತಿಲ್ಲ.”

“ಆತುರ ಇಲ್ಲ. ನಾನು ಕಾಯ್ತೀನಿ.”

ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆಯುತ್ತದೆ. ಅವರು ಕಾಗದ ತಿರುವುವುದಿಲ್ಲ.

“ಬಂದೂಕು ನಂದೇ ಮೇಡಂ. ಅಣ್ಣಂದು ಅಂದಿದ್ದು ವಕೀಲ್ರು. ಅವತ್ತೇ ಹೇಳಿಬಿಡೋಣ ಅಂತ ಎದ್ದಿದ್ದೆ. ನೀವು ಕೇಳಲೇ ಇಲ್ಲ.”

ಆರ್ಡಿಸ್ ಕನ್ನಡಕ ತೆಗೆಯುತ್ತಾರೆ. “ಹೌದು, ಕೇಳಲಿಲ್ಲ. ಅದು ನನ್ನ ತಪ್ಪು.” ಸುಳ್ಳಿಗೆಂದು ಸೇರಿಸಿದ್ದ ಎರಡು ವರ್ಷ ಹೋಗುತ್ತದೆ. ಒಂಬತ್ತು ಉಳಿಯುತ್ತದೆ.

ಮಧ್ಯಾಹ್ನ, ಡಬ್ಬಿಯ ಸೂಪು ಕುಡಿಯುತ್ತ ಅವರು ಹೇಳುತ್ತಾರೆ: “ನಮ್ಗೆ ನಿವೃತ್ತಿ ವಯಸ್ಸು ಅಂತಿಲ್ಲ, ನಾನಾಗಿ ಬಿಡೋವರೆಗೂ ಈ ಕೆಲಸ ನಂದೇ. ಹೊಗಳಿಕೆ ಏನೂ ಬೇಡ. ಅವನು ಹೊರಗೆ ಬಂದ್ಮೇಲೆ, ‘ಆಯಮ್ಮ ಒಂಬತ್ತು ವರ್ಷ ಹಾಕಿದ್ಲು, ಆದ್ರೆ ನಾನು ಹೇಳಿದ್ದು ಪೂರ್ತಿ ಕೇಳಿದ್ಲು’ ಅಂದ್ರೆ ಸಾಕು.”