ನಾಲ್ಕೂ ಗಾಲಿ ಯಾವಾಗ ಹಚ್ಚಬೇಕು

ಉಣ್ಣೆಯಿಂದ ಹೆಣೆದ ಕುಲಾವಿಯನ್ನು ನೀವು ಕೂಸಿನ ತಲೆಯ ಮೇಲೆ ನೋಡಿರುತ್ತೀರಿ, ಗೆಳೆಯರೆ. ಎಸ್‌ಯುವಿಯ ಗುಂಡಿಯ ಮೇಲೆ ನೋಡಿರಲಿಕ್ಕಿಲ್ಲ. ಜಮಖಂಡಿಯಲ್ಲಿದ್ದ ನನ್ನ ಸೋದರಮಾವ, ಶಿರಸ್ತೇದಾರಿಕೆಯಿಂದ ನಿವೃತ್ತರಾದ ಮೇಲೆ ಆನೆಯಂಥದೊಂದು ಗಾಡಿ ತಂದರು. ಅದರ ಗೇರಿನ ಪಕ್ಕದಲ್ಲೊಂದು ದುಂಡು ಗುಂಡಿ. ಅದಕ್ಕೆ ಥಂಡಿ ಹತ್ತೀತೆಂದು ನಮ್ಮ ಮಾಮಿ ಕೆಂಪು ಕುಲಾವಿ ಹೆಣೆದು ತೊಡಿಸಿದ್ದರು.

ಗುಂಡಿಗೆ ಮೂರು ನೆಲೆ: ಎರಡು ಗಾಲಿ, ನಾಲ್ಕು ಗಾಲಿ, ನಾಲ್ಕು ಗಾಲಿ ನಿಧಾನ. ಒಣ ಡಾಂಬರಿನ ಮೇಲೆ ಎರಡು ಸಾಕು, ಜಾರುವ ನೆಲಕ್ಕೆ ನಾಲ್ಕು, ಹುಗಿದುಕೊಂಡಾಗ ಕೊನೆಯದು ಎಂಬುದು ಲೋಕದ ರೂಢಿ. ಮಾಮಾ ಮಾತ್ರ ತಮ್ಮದೇ ನ್ಯಾಯಶಾಸ್ತ್ರವನ್ನು ಕಟ್ಟಿಕೊಂಡಿದ್ದರು. ನಾಲ್ಕು ಜನ ನೋಡುವ ರಸ್ತೆಯಲ್ಲಿ ನಾಲ್ಕೂ ಗಾಲಿ ದುಡಿಯಬೇಕು. ಕೆಸರಿನಲ್ಲಿ ಎರಡೇ, ಏಕೆಂದರೆ ನಾಲ್ಕೂ ಸಿಕ್ಕಿಬಿದ್ದರೆ ಬಿಡಿಸುವವರು ಯಾರು?

ಈ ಶಾಸ್ತ್ರ ನನ್ನ ಮದುವೆಯ ದಿನವೇ ವಿಚಾರಣೆಗೆ ಬಂದಿತು. ಹೆಣ್ಣಿನ ಊರು ಅನಗವಾಡಿ. ಹಿಂದಿನ ಸಂಜೆ ಮಳೆ ಸುರಿದಿತ್ತಾದರೂ ಬೆಳಗಿನ ಬಿಸಿಲಿಗೆ ಬೀಳಗಿಯ ಡಾಂಬರು ರಸ್ತೆ ಹಪ್ಪಳದಂತೆ ಒಣಗಿತ್ತು. ಮಾಮಾ ಕುಲಾವಿ ಎತ್ತಿ, ನಾಲ್ಕು ಗಾಲಿಗೆ ತಿರುವಿ, ಮತ್ತೆ ಮುಚ್ಚಿದರು. ತಿರುವು ಬಂದಲ್ಲೆಲ್ಲ ಗಾಡಿ ಗುಡುಗುಟ್ಟಿ ಮಿಡುಕುತ್ತಿತ್ತು. ತಿರುವಿನಲ್ಲಿ ಮುಂದಿನ ಗಾಲಿಗಳ ಹಾದಿ ಉದ್ದ, ಹಿಂದಿನವುಗಳದು ಮೋಟು. ಎರಡನ್ನೂ ಒಂದೇ ಲಯಕ್ಕೆ ಬಿಗಿದರೆ ಒಣ ನೆಲದ ಮೇಲೆ ಜಗಳವಾಗದೆ ಇನ್ನೇನು? ಕೂಡುಕುಟುಂಬದಲ್ಲಿ ಬೆಳೆದ ನನಗೆ ಆ ಗುಡುಗುಡು ಬಹಳ ಪರಿಚಿತವೆನಿಸಿತು.

"ಕೇಳಿದೇನೋ? ಶಕ್ತಿ ಕೆಲಸ ಮಾಡಾಕತ್ತೈತಿ," ಎಂದರು ಮಾಮಾ.

ಹಳೆಯ ಹಾದಿ ಹಿನ್ನೀರಿನ ಪಾಲಾಗಿದ್ದರಿಂದ ಊರಿಗೆ ಹೊಲಗಳ ನಡುವೆ ಹೊಸ ದಾರಿ ಹಾಕಿದ್ದರು. ಅಪ್ಪಟ ಎರೆಮಣ್ಣು, ಅಂದು ಅದು ಕಲಸಿದ ಕಣಕ. ಅಲ್ಲಿ ಮಾಮಾ ವಿಧಿವತ್ತಾಗಿ ಎರಡು ಗಾಲಿಗೆ ಇಳಿಸಿದರು. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಹೊಟ್ಟೆಯವರೆಗೆ ಹುಗಿದುಕೊಂಡವು.

"ಈಗರೇ ಅದನ್ನ ತಿರುವ್ರಿ," ಎಂದರು ಮಾಮಿ.

"ಎರಡು ಹ್ವಾದ್ವು, ಖರೆ. ಇನ್ನೆರಡರೇ ಛಲೋ ಇರ್ಲಿ."

ಬಾಸಿಂಗ ಕಟ್ಟಿಕೊಂಡವನು ಹಿರಿಯರಿಗೆ ಎದುರಾಡುವುದುಂಟೆ? ನಮ್ಮನ್ನು ಹುಡುಕುತ್ತ ನನ್ನ ಭಾವೀ ಮಾವನವರು ಟ್ರ್ಯಾಕ್ಟರಿನಲ್ಲಿ ಬಂದು ಹಗ್ಗ ತೋರಿಸಿದರು. "ಬೀಗ್ರ, ಕಟ್ಟಿ ಎಳೀತೇವ್ರಿ."

"ನಾಕ್ ಗಾಲಿ ಗಾಡೀನ ಟ್ರ್ಯಾಕ್ಟರ್ ಎಳಿಯೂದ? ಮದವಿ ನಿಂತ್ರೂ ಅಡ್ಡಿಯಿಲ್ರಿ, ಮರ್ಯಾದಿ ಹೋಗಬಾರದು!"

ಮದುವೆ ನಿಲ್ಲುವ ಮಾತು ಕೇಳಿ ನಾನು ಬಾಸಿಂಗವನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡೆ. ಮದುಮಗಳು ಸುಧಾಳನ್ನು ನಾನು ನೋಡಿದ್ದು ಒಂದೇ ಸಲ. ಆದರೆ ಆ ಒಂದು ನೋಟದ ಮೇಲೆ ತಿಂಗಳುಗಟ್ಟಲೆ ಬದುಕಿದ್ದೆ. ಮಾವನವರು ಗಡಿಯಾರ ನೋಡಿಕೊಂಡರು, ಆಕಾಶ ನೋಡಿದರು, ಟ್ರ್ಯಾಕ್ಟರ್ ತಿರುಗಿಸಿ ಹೊರಟುಹೋದರು. ಎಲ್ಲ ಮುಗಿಯಿತೆಂದುಕೊಂಡೆ.

ಅವರು ಮರಳಿ ಬಂದಾಗ ಹಿಂದಿನ ಟ್ರೇಲರಿನಲ್ಲಿ ಹಸಿರು ಸೀರೆಯುಟ್ಟ ಸುಧಾ, ಅವಳ ಪಕ್ಕದಲ್ಲಿ ಪುರೋಹಿತರು ನಿಂತಿದ್ದರು! ಟ್ರೇಲರನ್ನು ನಮ್ಮ ಗಾಡಿಗೆ ತಾಗುವಷ್ಟು ಹಿಮ್ಮೆಟ್ಟಿಸಿದರು. ನಾನು ಬಾನೆಟ್ಟಿನ ಮೇಲೆ, ಅವಳು ಟ್ರೇಲರಿನ ಮೇಲೆ, ನಡುವೆ ಮಾವನವರೂ ಮಾಮಿಯೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎತ್ತಿ ಹಿಡಿದ ಅಂತರಪಟ. ಮಂಗಳಾಷ್ಟಕ ಮುಗಿದು ಪಟ ಸರಿದಾಗ ಅವಳು ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ಅಕ್ಕಿಕಾಳು ಬಿದ್ದವು. ಗಂಡ ಹೆಂಡತಿಯಾದೆವು. ಟ್ರ್ಯಾಕ್ಟರ್ ಮುಂದೆ ಸರಿಯಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು.

ನೂಕುವುದಕ್ಕೆಂದು ಮಾಮಾ ಕೆಳಗಿಳಿದಿದ್ದರು. ನಾನು ಚಾಲಕನ ಸೀಟಿಗೆ ಬಂದೆ, ಸುಧಾ ಪಕ್ಕದಲ್ಲಿ ಕೂತು ಕುಲಾವಿ ತೆಗೆದಳು.

"ಇದು ತಿರುಗ್ತೈತೋ, ಬರೇ ಛಂದಕ್ಕ ಐತೋ?"

"ತಿರುಗ್ತೈತಿ. ಆದ್ರ ಮಾಮಾ…"

"ಮಾಮಾ ಹೊರಗದಾರ್ರಿ," ಎಂದಳು ನನ್ನ ಹೆಂಡತಿ.

ಕ್ಲಚ್ ಒತ್ತಿ ಗೇರು ಬಿಡಿಸಿದೆ. ಅವಳು ಗುಂಡಿಯನ್ನು ಕೊನೆಯ ನೆಲೆಗೆ ತಿರುವಿದಳು. ಒಳಗೆಲ್ಲೋ ಕಟಕ್ಕೆಂದಿತು. ಮತ್ತೆ ಗೇರು ಹಾಕಿ, ಆತುರ ಮಾಡದೆ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಾಗ, ನಾಲ್ಕೂ ಗಾಲಿಗಳು ಮಣ್ಣನ್ನು ಹಿಡಿದವು. ಗಾಡಿ ಗರ್ಭಿಣಿ ಎಮ್ಮೆಯ ಗಾಂಭೀರ್ಯದಿಂದ ಮೇಲೆದ್ದು ನಡೆಯಿತು. ಅಲ್ಲಿಯವರೆಗೆ ಜೋರೆಂದರೆ ವೇಗವೆಂದೇ ತಿಳಿದಿದ್ದ ನನಗೆ, ನಿಧಾನಕ್ಕೂ ಇಷ್ಟು ಜೋರುಂಟೆಂದು ಗೊತ್ತಾದದ್ದು ಆಗಲೇ.

ಬೆನ್ನತ್ತಿ ಬಂದ ಮಾಮಾ ಮುಖದ ರಾಡಿ ಒರೆಸಿಕೊಂಡು, "ನೋಡಿದ್ಯಾ, ಮುಂದಿನ ಎರಡಕ್ಕ ಆರಾಮ ಕೊಟ್ಟಿದ್ದಕ್ಕ ಈಗ ಎಳದ್ವು!" ಎಂದು ಬೀಗಿದರು. ನಾವಿಬ್ಬರೂ ಒಪ್ಪಿಕೊಂಡೆವು. ಗಟ್ಟಿ ನೆಲದಲ್ಲಿ ನಿಲ್ಲಿಸಿದೊಡನೆ, ಯಾರೂ ಹೇಳದೆಯೇ ಸುಧಾ ಗುಂಡಿಯನ್ನು ಎರಡಕ್ಕೆ ತಂದಿಟ್ಟಳು.

ಮಂಟಪ ತಲುಪಿದರೆ ಮಂದಿಯೆಲ್ಲ ಊಟಕ್ಕೆ ಕೂತುಬಿಟ್ಟಿದ್ದಾರೆ. ವೇದಿಕೆಯ ಮೇಲೆ ನಮ್ಮ ಎರಡು ಖಾಲಿ ಕುರ್ಚಿಗಳ ತುಂಬ ಹಳದಿ ಅಕ್ಕಿ.

"ಹೊತ್ತು ಮೀರಬಾರದಲ್ರಿ," ಎಂದರು ಎಲೆಯ ಮುಂದಿದ್ದ ಒಬ್ಬ ಅಜ್ಜ, "ನೀವು ಇಲ್ಲಂದ್ರೂ ನಾವು ಒಗದ್ವಿ."

ಸುಧಾ ನನ್ನ ಕುರ್ಚಿಯ ಮೇಲಿನ ಅಕ್ಕಿಯನ್ನೆಲ್ಲ ಬೊಗಸೆಯಲ್ಲಿ ಬಳಿದುಕೊಂಡು, ನನ್ನ ತಲೆಯ ಮೇಲೆ ಸುರಿದು, "ಈಗ ಕೂಡ್ರಿ," ಎಂದಳು.